ನಕ್ಷೆಯಲ್ಲಿ 'ಖಾಲಿ ಜಾಗ' ಅಂತ ಇತ್ತು

ಅಣೆಕಟ್ಟು ರಿಪೇರಿಯ ಕೆಲಸಕ್ಕೆ ಹೊಸದಾಗಿ ಬರುವವರು ಓದಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಕೊಡಗಿನ ಒಂದು ಹಳೆಯ ಅಣೆಕಟ್ಟಿನಲ್ಲಿ ನಾನು ಸೈಟ್ ಎಂಜಿನಿಯರ್ ಆಗಿದ್ದೆ. ಪಕ್ಕದಲ್ಲೇ ಸಣ್ಣದೊಂದು ಕರೆಂಟ್ ಘಟಕವೂ ಇದೆ. ಮೇಲ್ತುದಿಯಲ್ಲಿ ನೀರು ಬಿಡುವ ಕ್ರೆಸ್ಟ್ ಗೇಟುಗಳ ರಬ್ಬರ್ ಸೀಲ್ ಬದಲಿಸಬೇಕಿತ್ತು, ಗ್ಯಾಲರಿಯಲ್ಲಿ, ಅಂದರೆ ಅಣೆಕಟ್ಟಿನ ಒಳಗಿನ ಸುರಂಗದಂಥ ದಾರಿಯಲ್ಲಿ, ನೀರು ಜಿನುಗುವ ಕಡೆ ತೂತು ಕೊರೆದು ಗ್ರೌಟ್ (ತೆಳು ಸಿಮೆಂಟ್ ಗಾರೆ) ತುಂಬಬೇಕಿತ್ತು, ಟರ್ಬೈನಿಗೆ ನೀರು ಒಯ್ಯುವ ಪೈಪಿನ ತುಕ್ಕು ಕೆರೆಯಬೇಕಿತ್ತು, ಅದರ ಬಾಯಿಯ ಹತ್ತಿರ ತುಂಬಿದ್ದ ಹೂಳು ತೆಗೆಯಬೇಕಿತ್ತು. ಅಣೆಕಟ್ಟಿನ ಎತ್ತರ ಒಂದಿಂಚೂ ಏರುವುದಿಲ್ಲ, ಹೊಸದಾಗಿ ಯಾರ ಜಮೀನೂ ಮುಳುಗುವುದಿಲ್ಲ. ಹಾಗಾಗಿ ಸುತ್ತಲಿನವರಿಗೆ ಏನೂ ತೊಂದರೆ ಇಲ್ಲ ಅಂತಲೇ ನಾವೆಲ್ಲ ನಂಬಿದ್ದೆವು.

ತೆಗೆದ ಹೂಳನ್ನು ಎಲ್ಲಿ ಹಾಕುತ್ತೀರಿ? ಕ್ರೇನ್ ಯಾವ ದಾರಿಯಲ್ಲಿ ಬರುತ್ತದೆ? ಕೆಲಸದವರ ಶೆಡ್ ಎಲ್ಲಿ? ತೊಂದರೆ ಇರುವುದು ಇಲ್ಲಿ. ಇವೆಲ್ಲ ನಾಲ್ಕು ತಿಂಗಳ ಮಾತು ಅಂತ ಯಾರೂ ಜಾಸ್ತಿ ತಲೆ ಕೊಡುವುದಿಲ್ಲ. ಹಿನ್ನೀರಿನ ದಡದಲ್ಲಿ, ಜೇನು ಕುರುಬ ಆದಿವಾಸಿಗಳ ಹಾಡಿಯಿಂದ (ಅವರ ಊರಿನಿಂದ) ಸ್ವಲ್ಪ ಆಚೆಗೆ, ನಮ್ಮ ನಕ್ಷೆಯಲ್ಲಿ 'ಖಾಲಿ ಜಾಗ' ಅಂತ ಬರೆದಿದ್ದ ಒಂದು ಬಯಲಿತ್ತು. ಹೂಳಿಗೆ ಅದೇ ಸರಿ ಅಂತ ಗುರುತು ಹಾಕಿದೆವು.

ಹಾಡಿಯವರನ್ನು ಕೇಳಿರಲಿಲ್ಲ ಅಂತಲ್ಲ. ಜನವರಿಯಲ್ಲಿ ಬೆಳಿಗ್ಗೆ 11 ಗಂಟೆಗೆ ಸಭೆ ಇಟ್ಟಿದ್ದೆವು. ಜನವರಿ ಅಂದರೆ ಕೊಡಗಿನಲ್ಲಿ ಕಾಫಿ ಕುಯ್ಲಿನ ಕಾಲ, ಹಾಡಿಯಲ್ಲಿ ಕೈಕಾಲು ಗಟ್ಟಿ ಇರುವವರೆಲ್ಲ ಬೆಳಿಗ್ಗೆಯೇ ತೋಟಕ್ಕೆ ಹೋಗಿರುತ್ತಾರೆ, ಸಭೆಗೆ ಅಂತ ಉಳಿದರೆ ಆ ದಿನದ ಕೂಲಿ ಹೋದ ಹಾಗೆ. ಬಂದವರು ಐದೇ ಜನ. ನಾವು ದೊಡ್ಡ ಹಾಳೆ ಬಿಚ್ಚಿ ತೋರಿಸಿದೆವು. ಅವರು ಸುಮ್ನೆ ಕೂತಿದ್ದರು. 'ಆಕ್ಷೇಪಣೆ ಇಲ್ಲ' ಅಂತ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡು ಬಂದೆವು. ಆ ಹಾಳೆಯಲ್ಲಿ ನನ್ನ ಸಹಿಯೂ ಇದೆ. ಈಗ ಅದನ್ನು ನೆನೆದರೆ ಬೇಸರವಾಗುತ್ತದೆ.

ಬಯಲಿನಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದ ದಿನ ಹಾಡಿಯ ಹಿರಿಯರೊಬ್ಬರು ಬಂದು ನಿಂತರು. ತುಂಬಾ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ಸಾರ್, ಇಲ್ಲಿ ನಮ್ಮೋರು ಮಲಗಿದ್ದಾರೆ" ಅಂದರು. ಅವರು ಬೆರಳು ತೋರಿಸಿದ ಮೇಲೆಯೇ ನನಗೆ ಕಂಡದ್ದು. ಹುಲ್ಲಿನ ನಡುವೆ ಅಲ್ಲಲ್ಲಿ ಉಬ್ಬಿದ ಮಣ್ಣು, ಮೇಲೊಂದು ಕಾಡುಕಲ್ಲು. ಅದೇ ಕಲ್ಲುಗಳನ್ನು ದಾಟಿಕೊಂಡು ನಾನು ಮೂರು ಸಲ ಟೇಪ್ ಹಿಡಿದಿದ್ದೆ.

ಕೆಲಸ ನಿಲ್ಲಿಸಿದೆವು. ಮುಂದಿನ ಭಾನುವಾರ, ತೋಟಕ್ಕೆ ರಜೆ ಇದ್ದ ದಿನ, ಅವರ ಜೊತೆ ನಡೆದೆ. ಇಬ್ಬರು ಹಿರಿಯರು, ಮೂವರು ಹೆಂಗಸರು, ನಾನು. ಸಭೆಯಲ್ಲಿ ಒಂದು ಮಾತೂ ಆಡದಿದ್ದವರು ಕಾಡಿನೊಳಗೆ ಕಾಲಿಟ್ಟ ಮೇಲೆ ನಿಲ್ಲಿಸದೆ ಹೇಳಿದರು. ಕಾಡುಗೆಣಸು ಅಗೆಯುವ ಇಳಿಜಾರು ಯಾವುದು, ಮಳೆಗಾಲದಲ್ಲಿ ಕಣಿಲೆ (ಎಳೆ ಬಿದಿರು) ಎಲ್ಲಿ ಏಳುತ್ತದೆ, ಯಾವ ಮರದ ಹತ್ತಿರ ಚಪ್ಪಲಿ ಬಿಡಬೇಕು. ಕ್ರೇನಿನ ದಾರಿ ಒಂದು ದೊಡ್ಡ ಹೆಜ್ಜೇನಿನ ಮರದ ಬುಡದಲ್ಲೇ ಹಾದು ಹೋಗುತ್ತಿತ್ತು. ಮಳೆ ಹಿಡಿಯುವ ಮುಂಚೆ ಮುಗಿಸಬೇಕು ಅಂತ ನಮ್ಮ ಕೆಲಸ ಜೋರಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಅವರು ಜೇನು ಕೀಳುವುದೂ ಆಗಲೇ. ರಾತ್ರಿ ಪಾಳಿಯ ಫ್ಲಡ್‌ಲೈಟ್ ಬೇರೆ ಇತ್ತು, ಹೆಜ್ಜೇನು ರಾತ್ರಿ ಬೆಳಕಿಗೆ ಎದ್ದು ಬರುತ್ತದೆ. ಅದು ನಮ್ಮ ಕೆಲಸದವರಿಗೂ ಅಪಾಯ ಅಲ್ವಾ?

ಆ ಸಮಾಧಿಗಳು ಬರೀ ನೆನಪಿನ ವಿಷಯವಲ್ಲ. ಇದು ನನಗೂ ಆಮೇಲೆ ಗೊತ್ತಾದದ್ದು. ಕಾಡಿನಲ್ಲಿ ಬದುಕುವವರಿಗೆ ಆ ಕಾಡಿನ ಮೇಲಿನ ಹಕ್ಕು ಕೊಡುವ 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ, ಒಂದು ಸಮುದಾಯ ಆ ಜಾಗದಲ್ಲಿ ಹಿಂದಿನಿಂದ ಇದೆ ಅನ್ನುವುದಕ್ಕೆ ಏನೇನು ಸಾಕ್ಷಿ ಕೊಡಬಹುದು ಅಂತ ಪಟ್ಟಿ ಇದೆ. ಹಳೆಯ ಬಾವಿ, ಸಮಾಧಿ, ಪೂಜೆಯ ಜಾಗ, ಹಿರಿಯರು ಹೇಳಿ ಬರೆಸಿದ ಮಾತು, ಎಲ್ಲವೂ ಅದರಲ್ಲಿದೆ. ಕಾಗದ ಪತ್ರ ಇಲ್ಲದ ಹಾಡಿಗೆ ಆ ಕಾಡುಕಲ್ಲೇ ದಾಖಲೆ. ಅದರ ಮೇಲೆ ಹತ್ತು ಲೋಡ್ ಹೂಳು ಸುರಿದರೆ ಅವರ ಹಕ್ಕಿನ ಅರ್ಜಿಯ ಒಂದು ಪುಟವನ್ನೇ ಹೂತು ಹಾಕಿದಂತೆ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕವಾಗಿದ್ದರೆ ಸುತ್ತ 100 ಮೀಟರ್ ಒಳಗೆ ಕಟ್ಟಡ ಕಟ್ಟುವ ಹಾಗಿಲ್ಲ, ಬೋರ್ಡೂ ಇರುತ್ತದೆ. ಕೊಡಗಿನ 1214 ದೇವರಕಾಡುಗಳಿಗೆ ಸರ್ಕಾರದ ಪಟ್ಟಿಯಲ್ಲಾದರೂ ಹೆಸರಿದೆ. ಹಾಡಿಯ ಸಮಾಧಿಗೆ ಬೋರ್ಡಿಲ್ಲ, ಹೆಸರಿಲ್ಲ. ಯಾರಾದರೂ ಹೇಳಿದರೆ ಮಾತ್ರ ಇದೆ.

ಹೂಳನ್ನು ಕೊನೆಗೆ ಹಳೆಯ ಕಲ್ಲು ಕ್ವಾರಿಯ ಗುಂಡಿಗೆ ಹಾಕಿದೆವು. ಅಣೆಕಟ್ಟು ಕಟ್ಟುವಾಗಲೇ ಅಗೆದು ಬಿಟ್ಟ ಗುಂಡಿ ಅದು. ಲಾರಿ ಸುತ್ತು ಬಳಸಿ ಹೋಗಬೇಕಾಯಿತು, ಡೀಸೆಲ್ ಖರ್ಚಾಯಿತು, ಮೇಲಿನವರಿಂದ ಬೈಸಿಕೊಂಡೆ. ಜೇನಿನ ಮರದ ಕಡೆ ರಾತ್ರಿ ಪಾಳಿ ನಿಲ್ಲಿಸಿದೆವು. ಮೇ ಕೊನೆಯಲ್ಲಿ ದೇವರಪುರದ ಕುಂಡೆ ಹಬ್ಬಕ್ಕೆ ಹಾಡಿಯವರೆಲ್ಲ ಹೋಗುವ ದಿನಗಳಲ್ಲಿ ಆ ಭಾಗದಲ್ಲಿ ಕೆಲಸವನ್ನೇ ಇಟ್ಟುಕೊಳ್ಳಲಿಲ್ಲ. ಅವರಿಲ್ಲದಾಗ ಅವರ ಜಾಗದಲ್ಲಿ ಮಣ್ಣು ಅಗೆಯುವುದು ಬೇಡ ಅಂತ.

ಗೇಟಿನ ಕೆಲಸಕ್ಕೆ ನೀರು ಇಳಿಸಿದಾಗ ಇನ್ನೊಂದಾಯಿತು. ಕೆಸರಿನಿಂದ ಹಳೆಯ ಒಲೆಯ ಕಲ್ಲುಗಳು, ಒಂದು ರಾಗಿಕಲ್ಲು ಮೇಲೆ ಬಂದವು. ಅಣೆಕಟ್ಟು ಕಟ್ಟುವ ಮೊದಲು ಹಾಡಿ ಇದ್ದದ್ದು ಅಲ್ಲೇ. ನೀರನ್ನು ಸರ್ರನೆ ಇಳಿಸಿದರೆ ನೆನೆದ ದಡ ಜಾರುತ್ತದೆ, ಜಾರುವಾಗ ಇಂಥದ್ದನ್ನೆಲ್ಲ ಎಳೆದುಕೊಂಡು ಹೋಗುತ್ತದೆ. ಆದ್ದರಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಇಳಿಸಿದೆವು. ಜೆಸಿಬಿ ಓಡಿಸುವವರಿಗೆ ಒಂದೇ ಮಾತು ಹೇಳಿದ್ದೆ. ಬಕೆಟ್‌ಗೆ ಕೆತ್ತಿದ ಕಲ್ಲು, ಮಡಕೆ ಚೂರು, ಮೂಳೆ ಏನು ಕಂಡರೂ ಎಂಜಿನ್ ಆಫ್ ಮಾಡಿ, ಮುಟ್ಟಬೇಡಿ, ನನ್ನನ್ನು ಕರೆಯಿರಿ, ನಿಂತ ಹೊತ್ತಿನ ಬಾಡಿಗೆ ಕಡಿತ ಆಗುವುದಿಲ್ಲ. ಬಾಡಿಗೆಯ ಮಾತು ಸೇರಿಸಿದ ಮೇಲೆಯೇ ಅವರು ನಿಜವಾಗಿ ಕರೆಯಲು ಶುರು ಮಾಡಿದ್ದು.

ನಡೆದು ನೋಡಿದ್ದನ್ನೆಲ್ಲ ನಕ್ಷೆಗೆ ಹಾಕುವಾಗ ಹಿರಿಯರು ಒಂದು ಕೇಳಿಕೊಂಡರು. ಯಾವುದು ಏನು ಅಂತ ಬರೆಯಬೇಡಿ, ಬರೆದರೆ ನಿಧಿ ಹುಡುಕುವವರು ಬರುತ್ತಾರೆ, ಜೇನಿಗೂ ಹೊರಗಿನವರು ಬರುತ್ತಾರೆ. ಅದಕ್ಕೆ ನಕ್ಷೆಯಲ್ಲಿ ಕೆಂಪು ಗೆರೆ ಎಳೆದು 'ಇಲ್ಲಿ ಕೆಲಸ ಇಲ್ಲ' ಅಂತ ಅಷ್ಟೇ ಬರೆದೆವು.

ಕಳೆದ ವರ್ಷ ನನಗೆ ವರ್ಗವಾಯಿತು. ನನ್ನ ಜಾಗಕ್ಕೆ ಬಂದ ಹುಡುಗಿ ನಕ್ಷೆ ನೋಡಿ, "ಸರ್, ಈ ಕೆಂಪು ಗೆರೆ ಯಾಕೆ?" ಅಂತ ಕೇಳಿದಳು. ನಾನು ಹೇಳಲಿಲ್ಲ. ಭಾನುವಾರ ಹಾಡಿಗೆ ಕರೆದುಕೊಂಡು ಹೋಗಿ ಆ ಹಿರಿಯರ ಪರಿಚಯ ಮಾಡಿಸಿದೆ. ಅವರು ಅವಳನ್ನು ಒಂದು ಗಳಿಗೆ ನೋಡಿ, ಕತ್ತಿ ತೆಗೆದುಕೊಂಡು ಮುಂದೆ ನಡೆದರು. ಅವಳು ಹಿಂದೆ ಹೋದಳು. ನಾನು ಹಾಡಿಯಲ್ಲೇ ಕೂತಿದ್ದೆ.