ಟೈಮ್ ಸರಿ ಇಲ್ಲ ಮೇಡಂ

"ಟೈಮ್ ಸರಿ ಇಲ್ಲ ಅಂದ್ರೆ ನಾವೇನ್ ಮಾಡೋಕಾಗುತ್ತೆ ಮೇಡಂ" ಅಂತ ಕಂಪ್ಯೂಟರ್ ರಿಪೇರಿ ಅಂಗಡಿಯ ಹುಡುಗ ನಕ್ಕನಂತೆ. ಅಕ್ಕ ಇದನ್ನು ಮೊದಲು ಫೋನಿನಲ್ಲಿ ಹೇಳಿದಳು. ನಾನು ತಿಪಟೂರಿಗೆ ಹೋದಾಗ ಚಪ್ಪಲಿ ಬಿಡುವ ಮೊದಲೇ ಹೇಳಿದಳು. ಊಟಕ್ಕೆ ಕೂತಾಗ ಭಾವನ ಎದುರು ಮತ್ತೆ ಹೇಳಿದಳು. ಹೇಳಿದಷ್ಟೂ ಆ ಹುಡುಗನ ನಗು ಉದ್ದ ಆಗುತ್ತಾ ಹೋಯಿತು.

ಅವಳ ಸಿಟ್ಟಿಗೆ ಕಾರಣ ಇದೆ. ಆಟೋದಲ್ಲಿ ಸಿಪಿಯು ಇಟ್ಟುಕೊಂಡು ಅಂಗಡಿಗೆ ಹೋಗಿ ಅವಳು ಆಡಿದ ಮೊದಲ ಮಾತೇ "ಇದರಲ್ಲಿ ಟೈಮ್ ಸರಿ ಇರಲ್ಲಪ್ಪಾ, ಬೆಳಿಗ್ಗೆ ಆನ್ ಮಾಡಿದ್ರೆ ಹಿಂದಕ್ಕೆ ಹೋಗಿರುತ್ತೆ" ಅನ್ನೋದು. ಅಂದರೆ ರೋಗ ಏನು ಅಂತ ಬಾಗಿಲಲ್ಲೇ ಹೇಳಿಬಿಟ್ಟಿದ್ದಳು. ಅವನು ಅದಕ್ಕೊಂದು ಜೋಕ್ ಹೊಡೆದ. ಪವರ್ ಕೊಟ್ಟ. ನೀಲಿ ಸ್ಕ್ರೀನ್ ಒಂದು ಸಲ ಮಿಂಚಿ ಮಾಯವಾಯಿತು. "ಹಾರ್ಡ್ ಡಿಸ್ಕ್ ಹೋಗಿದೆ. ಫಾರ್ಮ್ಯಾಟ್ ಮಾಡಬೇಕು, ಡೇಟಾ ಗ್ಯಾರಂಟಿ ಇಲ್ಲ. ಇಷ್ಟು ಹಳೇದಕ್ಕೆ ದುಡ್ಡು ಹಾಕೋದು ವೇಸ್ಟು" ಅಂದ. ಮುನ್ನೂರು ರೂಪಾಯಿ ಚೆಕಿಂಗ್ ಚಾರ್ಜ್ ತಗೊಂಡ.

ಅಕ್ಕ ಮನೆಯಲ್ಲೇ ಡಿಟಿಪಿ ಮಾಡುತ್ತಾಳೆ. ಲಗ್ನಪತ್ರಿಕೆ, ಗೃಹಪ್ರವೇಶ, ಕೈಲಾಸ ಸಮಾರಾಧನೆ, ಸ್ಕೂಲುಗಳ ಪ್ರಶ್ನೆಪತ್ರಿಕೆ. ಎಲ್ಲವೂ ಪೇಜ್‌ಮೇಕರ್ ಅನ್ನೋ ಪುಟ ಜೋಡಿಸುವ ಸಾಫ್ಟ್‌ವೇರ್ ಮತ್ತು ಹಳೇ ನುಡಿ ಕನ್ನಡ ಫಾಂಟಿನಲ್ಲಿ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7 ಬಂದಿದ್ದು 2001ರಲ್ಲಿ. ಈಗ ಕಂಪ್ಯೂಟರು, ಫೋನುಗಳಲ್ಲಿ ಕನ್ನಡಕ್ಕೆ ಬಳಸುವ ಯೂನಿಕೋಡ್ ಅದಕ್ಕೆ ಗೊತ್ತಿಲ್ಲ. ನುಡಿಯ ಹಳೇ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ, ಇಂಗ್ಲಿಷ್ ಅಕ್ಷರಗಳಿಗೆ ಯಾರೋ ಕೊಂಬು, ಟೋಪಿ ತೊಡಿಸಿ ಮೆರವಣಿಗೆ ಕಳಿಸಿದ ಹಾಗೆ ಕಾಣುತ್ತದೆ. ಹಾಗಾಗಿ ವಿಂಡೋಸ್ 7ನ್ನು ಅವಳು ಬಿಡಲ್ಲ. ಅದಕ್ಕೆ ಮೈಕ್ರೋಸಾಫ್ಟ್ ಸಪೋರ್ಟ್ ನಿಂತಿದ್ದು 2020ರ ಜನವರಿಯಲ್ಲಿ. ಪ್ರೆಸ್ಸಿನವರಿಗೆ ಬೇಕಿರುವುದು ಇವಳ ಫೈಲು, ಮೈಕ್ರೋಸಾಫ್ಟಿನ ಸಪೋರ್ಟ್ ಅಲ್ಲ.

ಇದೇ ಮಷೀನಿನಲ್ಲಿ ಇನ್ನೊಂದು ಡಿಸ್ಕ್ ಇದೆ, ಅದರಲ್ಲಿ ಉಬುಂಟು, ಅಂದರೆ ವಿಂಡೋಸ್ ಬದಲು ಬಳಸುವ ಲಿನಕ್ಸ್‌ನ ಒಂದು ಬಗೆ. ಅಕ್ಕನ ಮಗ ಇಂಜಿನಿಯರಿಂಗ್ ಓದುವಾಗ ಸಿ ಪ್ರೋಗ್ರಾಂ ಬರೆಯೋಕೆ ಅಂತ ಹಾಕಿದ್ದ. ಆನ್ ಮಾಡಿದರೆ ಯಾವುದು ಬೇಕು ಅಂತ ಕೇಳುವ ಮೆನು ಬರುತ್ತದೆ. ಅವನು ಬೆಂಗಳೂರು ಸೇರಿದ ಮೇಲೆ ಉಬುಂಟು ಭಾವನ ಪಾಲಾಯಿತು. ರಾತ್ರಿ ಅದರಲ್ಲಿ ಯಕ್ಷಗಾನ ನೋಡುತ್ತಾರೆ. ಹಗಲು ಕಿಟಕಿ, ರಾತ್ರಿ ಪೆಂಗ್ವಿನ್ ಅನ್ನೋದು ಅಕ್ಕನ ಮಾತು; ಪೆಂಗ್ವಿನ್ ಲಿನಕ್ಸ್‌ನ ಗುರುತು.

ಟೈಮಿನ ಗೋಜಲು ಶುರುವಾಗಿದ್ದೇ ಈ ಹಂಚಿಕೆಯಿಂದ. ಮದರ್‌ಬೋರ್ಡಿನಲ್ಲಿ ಒಂದು ಗಡಿಯಾರ ಇರುತ್ತದೆ. ಅದು ತೋರಿಸೋದು ನಮ್ಮ ಊರಿನ ಟೈಮ್ ಅಂತ ವಿಂಡೋಸ್ ನಂಬುತ್ತದೆ. ಗ್ರೀನಿಚ್ ಲೆಕ್ಕದ ಯುಟಿಸಿ ಟೈಮ್ ಅಂತ ಲಿನಕ್ಸ್ ನಂಬುತ್ತದೆ. ನಮಗೂ ಯುಟಿಸಿಗೂ ಐದೂವರೆ ಗಂಟೆ ವ್ಯತ್ಯಾಸ. ರಾತ್ರಿ ಭಾವ ಉಬುಂಟು ಬಳಸಿ ಮುಚ್ಚಿದರೆ, ಬೆಳಿಗ್ಗೆ ಅಕ್ಕನ ವಿಂಡೋಸ್ ಐದೂವರೆ ಗಂಟೆ ಹಿಂದೆ ಇರುತ್ತದೆ. ಎರಡೂ ಹಾಕಿಕೊಂಡ ಎಷ್ಟೋ ಮನೆಗಳಲ್ಲಿ ಇದು ಇದ್ದದ್ದೇ. ಇವರಿಗೂ ವರ್ಷಗಟ್ಟಲೆ ಅಭ್ಯಾಸ ಆಗಿಹೋಗಿತ್ತು. ಹೊಸದಾಗಿ ಟೈಮ್ ತಪ್ಪಿದಾಗ ಭಾವ "ಅದು ಯಾವತ್ತೂ ಹಂಗೇ ಅಲ್ವಾ" ಅಂದುಬಿಟ್ಟರು.

ಆದರೆ ಅಕ್ಕ ಒಪ್ಪಿರಲಿಲ್ಲ. ನನ್ನ ಹತ್ತಿರ ಅವಳು ಹೇಳಿದ್ದು ಇಷ್ಟೇ: "ಮೊದಲು ಹಿಂದೆ ಹೋಗೋದಕ್ಕೆ ಒಂದು ಲೆಕ್ಕ ಇತ್ತು ಕಣೋ. ಈಗ ಲೆಕ್ಕ ಇಲ್ಲ. ಒಂದಿನ ಮೂರು ಗಂಟೆ, ಒಂದಿನ ಇಡೀ ರಾತ್ರಿ."

ಇದಕ್ಕಿಂತ ಚೆನ್ನಾಗಿ ಯಾವ ಇಂಜಿನಿಯರ್ ಹೇಳ್ತಾನೆ? ಐದೂವರೆ ಗಂಟೆ ತಪ್ಪಿದರೆ ಅದು ಎರಡು ಸಾಫ್ಟ್‌ವೇರ್‌ಗಳ ಜಗಳ. ಲೆಕ್ಕವಿಲ್ಲದೆ ತಪ್ಪಿದರೆ ಗಡಿಯಾರಕ್ಕೆ ಕರೆಂಟ್ ಸಾಲುತ್ತಿಲ್ಲ ಅಂತ. ಆ ಗಡಿಯಾರವನ್ನು ನಡೆಸೋದು ನಾಲ್ಕಾಣೆ ಪಾವಲಿಯಷ್ಟೇ ಕಾಣುವ ಒಂದು ಸೆಲ್. ಸಿಆರ್2032, ಮೂರು ವೋಲ್ಟ್. ಗೋಡೆಯ ಸ್ವಿಚ್ ಆನ್ ಇರುವಷ್ಟು ಹೊತ್ತು ಸೆಲ್‌ಗೆ ಕೆಲಸ ಇಲ್ಲ. ಅಕ್ಕ ಸಿಡಿಲಿಗೆ ಹೆದರಿ ದಿನಾ ರಾತ್ರಿ ಮೇನ್ ಸ್ವಿಚ್ಚೇ ತೆಗೆಯುತ್ತಾಳೆ. ಒಳ್ಳೆಯ ಅಭ್ಯಾಸವೇ. ಆದರೆ ಇಷ್ಟು ವರ್ಷ ಎಲ್ಲ ರಾತ್ರಿಯೂ ಆ ಸೆಲ್ಲೇ ದುಡಿದಿದೆ.

ವಿಂಡೋಸ್‌ಗಿಂತ ಮೊದಲೇ ಎದ್ದು ಮಷೀನನ್ನು ಶುರು ಮಾಡುವ ಪ್ರೋಗ್ರಾಂಗೆ ಬಯೋಸ್ ಅಂತಾರೆ. ಅದರ ಸೆಟ್ಟಿಂಗುಗಳು ಉಳಿಯೋದೂ ಅದೇ ಸೆಲ್‌ನಿಂದ. ಅದು ಪೂರ್ತಿ ಸತ್ತ ಬೆಳಿಗ್ಗೆ ಕಪ್ಪು ಸ್ಕ್ರೀನಿನಲ್ಲಿ ಇಂಗ್ಲಿಷಿನ ಎರಡು ಸಾಲು ಬಂದಿವೆ. ಎಫ್1 ಒತ್ತಿದರೆ ಸೆಟಪ್, ಎಫ್2 ಒತ್ತಿದರೆ ಫ್ಯಾಕ್ಟರಿ ಸೆಟ್ಟಿಂಗ್ ಹಾಕಿಕೊಂಡು ಮುಂದೆ. ಪಕ್ಕದ ಮನೆ ಪಿಯುಸಿ ಹುಡುಗ ಬಂದು ಎಫ್2 ಒತ್ತಿದ್ದಾನೆ. ಆಗ ಎರಡು ವಿಷಯ ಒಟ್ಟಿಗೆ ಬದಲಾದವು. ಡಿಸ್ಕುಗಳ ಸರದಿ ಅದಲುಬದಲಾಗಿ ಉಬುಂಟು ಡಿಸ್ಕ್ ಹಿಂದಕ್ಕೆ ಹೋಯಿತು, ಹಾಗಾಗಿ ಮೆನು ಮಾಯ. ಇನ್ನೊಂದು, ಡಿಸ್ಕಿನ ಜೊತೆ ಹೇಗೆ ಮಾತಾಡಬೇಕು ಅಂತ ಹೇಳುವ ಸಾಟಾ ಅನ್ನೋ ಕಡೆ ಎಎಚ್‌ಸಿಐ ಮೋಡ್ ಇದ್ದದ್ದು ಐಡಿಇ ಅನ್ನೋ ಹಳೇ ಮೋಡ್ ಆಯಿತು. ವಿಂಡೋಸ್ 7ನ್ನು ಯಾವ ಮೋಡ್‌ನಲ್ಲಿ ಇನ್‌ಸ್ಟಾಲ್ ಮಾಡಿರುತ್ತೇವೋ ಅದೇ ಡ್ರೈವರ್ ಹಿಡಿದುಕೊಂಡು ಅದು ಏಳುತ್ತದೆ. ಮೋಡ್ ಬದಲಾದರೆ ತನ್ನದೇ ಡಿಸ್ಕ್ ಅದಕ್ಕೆ ಕಾಣಲ್ಲ. ನಾಲ್ಕು ಬಣ್ಣದ ಚುಕ್ಕೆ ಬಂದು ಲೋಗೋ ಆಗೋಷ್ಟರಲ್ಲಿ ನೀಲಿ ಸ್ಕ್ರೀನ್ ಮಿಂಚಿ ರೀಸ್ಟಾರ್ಟ್. ಸ್ಟಾರ್ಟಪ್ ರಿಪೇರ್ ಅನ್ನೋದು ಅರ್ಧ ಗಂಟೆ ತಿಣುಕಿ, ನನ್ನ ಕೈಲಿ ಆಗಲ್ಲ ಅನ್ನುತ್ತದೆ.

ನಾನು ಹೋದವನೇ ಡಿಲೀಟ್ ಕೀ ಒತ್ತಿ ಬಯೋಸ್ ತೆರೆದೆ. ತಾರೀಕು 2009ರ ಜನವರಿ 1. ಅಕ್ಕನಿಗೆ ತೋರಿಸಿದೆ. "ನೋಡು, ನಾನು ಹೇಳಲಿಲ್ವಾ" ಅಂತ ಭಾವನ ಕಡೆ ತಿರುಗಿದಳು. ಭಾವ ಪೇಪರ್ ಮೇಲೆತ್ತಿಕೊಂಡರು.

ಏನೂ ಬದಲಾಯಿಸದೆ ಬೂಟ್ ಮೆನುವಿನಿಂದ ಎರಡನೇ ಡಿಸ್ಕ್ ಆರಿಸಿದೆ. ಉಬುಂಟು ಸಲೀಸಾಗಿ ಎದ್ದಿತು. ಲಿನಕ್ಸ್ ಎರಡೂ ಬಗೆಯ ಡ್ರೈವರ್ ಜೊತೆಯಲ್ಲೇ ಇಟ್ಟುಕೊಂಡಿರುತ್ತದೆ, ಅದಕ್ಕೆ ಮೋಡ್ ಬದಲಾದದ್ದು ಲೆಕ್ಕಕ್ಕೇ ಇಲ್ಲ. ಅಕ್ಕ ಕುರ್ಚಿಯ ಹಿಂದೆ ನಿಂತಿದ್ದಳು. "ಬೇರೆ ಏನೂ ಬೇಡ, ಕಾರ್ಡ್ ಫೋಲ್ಡರ್ ಇದೆಯಾ ನೋಡು" ಅಂದಳು. ಇತ್ತು. ಒಂದೊಂದು ವರ್ಷಕ್ಕೆ ಒಂದೊಂದು, ಒಳಗೆ ವರನ ಹೆಸರು, ವಧುವಿನ ಹೆಸರು. ಸತ್ತಿದೆ ಅಂದ ವಿಂಡೋಸ್ ಡಿಸ್ಕಿನ ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ, ತೆಗೆದರೆ ಒಂದೇ ಒಂದು ಕೆಟ್ಟ ಸೆಕ್ಟರ್ ಇಲ್ಲ.

ಆಮೇಲೆ ಮರು ಸ್ಟಾರ್ಟ್ ಮಾಡಿ ಎಫ್8 ಒತ್ತಿದೆ. ತಾನಾಗಿ ರೀಸ್ಟಾರ್ಟ್ ಆಗೋದನ್ನು ನಿಲ್ಲಿಸುವ ಆಯ್ಕೆ ಅಲ್ಲಿದೆ. ಈಗ ನೀಲಿ ಸ್ಕ್ರೀನ್ ನಿಂತಿತು. ಸೊನ್ನೆಗಳ ಸಾಲು, ತುದಿಗೆ 7ಬಿ. ಬೂಟ್ ಆಗೋ ಡಿಸ್ಕ್ ಸಿಗುತ್ತಿಲ್ಲ ಅಂತ ಅದರ ಅರ್ಥ. ಆ ಹುಡುಗ ಇದೊಂದು ಸಾಲು ಓದಿದ್ದರೆ ಸಾಕಿತ್ತು.

ಸೆಲ್ ಬಿಚ್ಚಿ ಮಲ್ಟಿಮೀಟರ್ ಇಟ್ಟರೆ ಎರಡು ವೋಲ್ಟ್ ಕೂಡ ತೋರಿಸಲಿಲ್ಲ. ಹೊಸ ಸೆಲ್ ಹಾಕದೆ ಸೆಟ್ಟಿಂಗ್ ಸರಿ ಮಾಡಿದರೆ ಉಪಯೋಗ ಇಲ್ಲ, ರಾತ್ರಿ ಮತ್ತೆ ಅಳಿಸಿಹೋಗುತ್ತದೆ. ಪೇಟೆ ಬೀದಿಯ ವಾಚ್ ರಿಪೇರಿ ಅಂಗಡಿಯಲ್ಲಿ ಐವತ್ತು ರೂಪಾಯಿ ಒಳಗೆ ಸಿಕ್ಕಿತು. ಆ ಯಜಮಾನರು ಸೆಲ್ ಕೊಡುವ ಮೊದಲು ಯಾವುದಕ್ಕೆ, ಎಷ್ಟು ದಿನದಿಂದ ತೊಂದರೆ, ರಾತ್ರಿ ಸ್ವಿಚ್ ತೆಗೀತೀರಾ ಅಂತ ಎಲ್ಲಾ ವಿಚಾರಿಸಿದರು. ಮನೆಗೆ ಬಂದು ಸೆಲ್ ಹಾಕಿದೆ. ಎಎಚ್‌ಸಿಐ ಆರಿಸಿದೆ, ಡಿಸ್ಕಿನ ಸರದಿ ಸರಿಪಡಿಸಿದೆ. ಮೆನು ಬಂತು, ವಿಂಡೋಸ್ ಬಂತು, ಪೇಜ್‌ಮೇಕರ್ ಬಂತು. ಉಬುಂಟುವಿಗೂ ಊರಿನ ಟೈಮನ್ನೇ ಇಟ್ಟುಕೋ ಅಂತ ಒಂದು ಕಮಾಂಡ್ ಕೊಟ್ಟೆ, ಐದೂವರೆ ಗಂಟೆಯ ಜಗಳವೂ ತೀರಿತು.

ಆ ಹುಡುಗನನ್ನು ಬೈಯೋದು ಸುಲಭ. ಫಾರ್ಮ್ಯಾಟ್ ಮಾಡಿದರೆ ಅವನಿಗೆ ಕಾಸು, ಸೆಲ್ ಬದಲಾಯಿಸಿದರೆ ಏನೂ ಗಿಟ್ಟಲ್ಲ. ಕೂತು ಕೇಳಿಸಿಕೊಂಡಿದ್ದಕ್ಕೆ ಯಾರೂ ದುಡ್ಡು ಕೊಡಲ್ಲ. ಆದರೂ ನನಗೆ ಅವನ ಜೋಕೇ ತಲೆಯಿಂದ ಹೋಗುತ್ತಿಲ್ಲ. ಒಬ್ಬ ಹೆಂಗಸು, ವಯಸ್ಸು ಐವತ್ತು ದಾಟಿದೆ, ಕಂಪ್ಯೂಟರ್ ಬಗ್ಗೆ ಮಾತಾಡ್ತಿದ್ದಾಳೆ. ಮೇಡಂ ಅಂತ ಮರ್ಯಾದೆ ಕೊಟ್ಟರೆ ಆಯಿತು, ಮಾತು ಕೇಳಬೇಕಾಗಿಲ್ಲ. ಭಾವ ಮಾಡಿದ್ದೂ ಅದೇ. ಬೆಂಗಳೂರಿನಲ್ಲಿರುವ ಮಗ "ಮಾಮಾ, ಅದನ್ನ ಗುಜರಿಗೆ ಹಾಕಿ, ಅಮ್ಮಂಗೆ ಇಎಂಐನಲ್ಲಿ ಹೊಸದು ಕೊಡಿಸ್ತೀನಿ" ಅಂದ. ಅವನದು ಪ್ರೀತಿಯೇ. ಆದರೆ ಏನಾಗಿದೆಯಮ್ಮಾ ಅಂತ ಅವನೂ ಕೇಳಲಿಲ್ಲ.

ಅಮ್ಮ ಇದ್ದಾಗಲೂ ಹೀಗೇ ಆಗಿತ್ತು. ಬಿಪಿಗೆ ಹೊಸ ಮಾತ್ರೆ ಶುರುವಾದ ಮೇಲೆ ಒಣಕೆಮ್ಮು ಹತ್ತಿಕೊಂಡಿತು. "ಈ ಮಾತ್ರೆ ತಗೊಂಡಾಗಿಂದ" ಅಂತ ಅಮ್ಮ ಪ್ರತಿ ಸಲವೂ ಡಾಕ್ಟರಿಗೆ ಹೇಳುತ್ತಿದ್ದಳು. ಅವರು ಪ್ರತಿ ಸಲವೂ ಕೆಮ್ಮಿನ ಸಿರಪ್ ಬರೆಯುತ್ತಿದ್ದರು. ಎನಾಲಾಪ್ರಿಲ್ ಜಾತಿಯ ಮಾತ್ರೆಗಳಿಗೆ ಒಣಕೆಮ್ಮು ಎಲ್ಲರಿಗೂ ಗೊತ್ತಿರುವ ಅಡ್ಡಪರಿಣಾಮ. ಬೇರೆ ಡಾಕ್ಟರು ಮಾತ್ರೆ ಬದಲಾಯಿಸಿದರು, ಕೆಲವೇ ವಾರದಲ್ಲಿ ಕೆಮ್ಮು ನಿಂತಿತು. ಕೆಮ್ಮುತ್ತಿದ್ದವಳು ಕಾರಣ ಹೇಳುತ್ತಲೇ ಇದ್ದಳು, ಯಾರೂ ಕಿವಿ ಕೊಟ್ಟಿರಲಿಲ್ಲ.

ಇನ್ನು ಈ "ಹಳೇದು" ಅನ್ನೋ ಮಾತು. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗಿಯಿತು. 11 ಬೇಕು ಅಂದರೆ ಟಿಪಿಎಂ 2.0 ಅನ್ನೋ ಭದ್ರತೆಯ ಚಿಪ್ ಇರಬೇಕು. ಗಟ್ಟಿಮುಟ್ಟಾಗಿ ಓಡುತ್ತಿರೋ ಎಷ್ಟೋ ಮಷೀನುಗಳು ಕಾಗದದ ಮೇಲೆ ಮುದುಕಾಗಿವೆ. ಇಂಟರ್‌ನೆಟ್ಟಿಗೆ ವಿಂಡೋಸ್ 7 ಬಳಸಬೇಡ, ಅದಕ್ಕೆ ಉಬುಂಟು ಇದೆ ಅಂತ ಅಕ್ಕನಿಗೆ ಹೇಳಿದ್ದೇನೆ. ಕಾರ್ಡ್ ಫೋಲ್ಡರನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿಟ್ಟೆ. ಬಯೋಸ್‌ನಲ್ಲಿ ಏನೇನು ಇರಬೇಕು ಅಂತ ಅವಳೇ ಒಂದು ಚೀಟಿ ಬರೆದು ಕ್ಯಾಬಿನೆಟ್ ಪಕ್ಕಕ್ಕೆ ಅಂಟಿಸಿದಳು.

ಈಗ ಉಳಿದಿರೋದು ಆ ಮುನ್ನೂರು ರೂಪಾಯಿ. ಹೋಗಿ ವಾಪಸ್ ಕೇಳ್ತೀನಿ ಅಂತ ಅಕ್ಕ. ಹೋಗಲಿ ಬಿಡು ಅಂತ ಭಾವ. ನಿನ್ನೆ ಫೋನ್ ಮಾಡಿದಾಗಲೂ ಅದೇ ನಡೀತಿತ್ತು. ಆ ಅಂಗಡಿಯ ಬಿಲ್ ಪುಸ್ತಕ ಡಿಸೈನ್ ಮಾಡಿಕೊಟ್ಟಿದ್ದು ಇವಳೇ, ಇದೇ ಮಷೀನಿನಲ್ಲಿ. ಅದರ ಬಾಕಿಯೂ ಇನ್ನೂ ಬಂದಿಲ್ಲವಂತೆ.