ಗಡ್ಡೆ ಗರ್ಭಕೋಶದ್ದು, ಬೇಸರ ಯಾವುದರದ್ದು?

ಬದಿಯಡ್ಕ (ಕೇರಳದ ಕಾಸರಗೋಡು ಜಿಲ್ಲೆ), 19 ಜೂನ್ 2025, ಗುರುವಾರ

ಮಳೆ ಬಿಟ್ಟಿಲ್ಲ. ಬಟ್ಟೆ ಒಣಗದ ಈ ತಿಂಗಳುಗಳಲ್ಲಿ, ಗರ್ಭಕೋಶದಲ್ಲಿ ಫೈಬ್ರಾಯ್ಡ್ ಎಂಬ ಗಡ್ಡೆ ಇದ್ದು ಹತ್ತು ಹನ್ನೆರಡು ದಿನ ರಕ್ತ ಹೋಗುವ ಹೆಂಗಸರ ಪಾಡು ಕೇಳುವುದೇ ಬೇಡ. ಅಯಲ್‌ಕೂಟದಲ್ಲಿ (ನೆರೆಹೊರೆಯ ಹೆಂಗಸರ ಕೂಟ) ಹೇಳಬೇಕಾದ ವಿಷಯ ಇದೇ ಆದ್ದರಿಂದ ಇವತ್ತಿನ ಪುಟ ಪೂರ್ತಿ ಅದಕ್ಕೇ.

“ಈಚೆಗೆ ಅವಳಿಗೆ ಸಿಟ್ಟು ಜಾಸ್ತಿ, ಯಾವುದರಲ್ಲೂ ಮನಸ್ಸಿಲ್ಲ” ಎಂದು ಮನೆಯವರು ದೂರುವಾಗ ಮೊದಲು ಕೇಳಬೇಕಾದ್ದು ಮುಟ್ಟಿನ ಲೆಕ್ಕ. ಒಂದು ಮಿಲಿಲೀಟರ್ ರಕ್ತದ ಜೊತೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ತಿಂಗಳಿಗೆ 200 ಮಿಲಿಲೀಟರ್ ಹೋದರೆ 100 ಮಿಲಿಗ್ರಾಂ. ಊಟದಿಂದ ದೇಹ ಹೀರಿಕೊಳ್ಳುವುದೋ ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ. ಬಸಳೆ, ಹರಿವೆ ಎಷ್ಟು ತಿಂದರೂ ಈ ಸಾಲ ತೀರದು. ಮಿದುಳಿನಲ್ಲಿ ಡೋಪಮಿನ್, ಸೆರೊಟೋನಿನ್ ತಯಾರಾಗುವುದಕ್ಕೂ ಕಬ್ಬಿಣ ಬೇಕು. ಅದು ಕಡಿಮೆಯಾದಾಗ ಸುಸ್ತು, ಸಿಡುಕು, ಮರೆವು, ಎದೆ ಡವಡವ ಎಲ್ಲವೂ ಬರುತ್ತವೆ. ಖಿನ್ನತೆ ಮತ್ತು ಆತಂಕದ ಪಟ್ಟಿಯಲ್ಲೂ ಇವೇ ಇವೆ. ನಿದ್ದೆಯೂ ಕೆಡುತ್ತದೆ: ಪ್ಯಾಡ್ ಬದಲಿಸಲು ಏಳಬೇಕು, ಗಡ್ಡೆ ಮೂತ್ರಕೋಶವನ್ನು ಒತ್ತಿದರೆ ಅದಕ್ಕೂ ಏಳಬೇಕು. ಕಬ್ಬಿಣದ ಕೊರತೆಯಿಂದ ಮಲಗಿದಾಗ ಕಾಲು ಆಡಿಸದೆ ಇರಲಾಗದ ತೊಂದರೆ ಬೇರೆ.

ಹಿಮೋಗ್ಲೋಬಿನ್ 12 ಇದೆ ಎಂದು ಸಮಾಧಾನಪಟ್ಟರೆ ಸಾಲದು. ದೇಹದ ಕಬ್ಬಿಣದ ದಾಸ್ತಾನು ಖಾಲಿಯಾದ ಮೇಲೆಯೇ ಹಿಮೋಗ್ಲೋಬಿನ್ ಇಳಿಯುವುದು. ಆದ್ದರಿಂದ ಆ ದಾಸ್ತಾನು ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ರಕ್ತಪರೀಕ್ಷೆ ಮಾಡಿಸಬೇಕು. 30ಕ್ಕಿಂತ ಕೆಳಗಿದ್ದರೆ ದಾಸ್ತಾನು ಮುಗಿಯುತ್ತಾ ಬಂದಿದೆ ಎಂದರ್ಥ. ಜ್ವರ ಇರುವಾಗ ಫೆರಿಟಿನ್ ಸುಳ್ಳು ಹೇಳುತ್ತದೆ, ಇಲ್ಲದ ಕಬ್ಬಿಣವನ್ನು ಇದೆ ಎಂದು ತೋರಿಸುತ್ತದೆ. ಈ ಮಳೆಗಾಲದಲ್ಲಿ ಯಾರಿಗೆ ಜ್ವರ ಬರುವುದಿಲ್ಲ? ಜ್ವರ ಬಿಟ್ಟು ಒಂದೆರಡು ವಾರವಾದ ಮೇಲೆ ಮಾಡಿಸುವುದು ಲೇಸು. ಜೊತೆಗೆ ಥೈರಾಯ್ಡಿನ ಪರೀಕ್ಷೆ ಟಿಎಸ್‌ಎಚ್. ಥೈರಾಯ್ಡ್ ಮಂದವಾದರೂ ರಕ್ತಸ್ರಾವ ಹೆಚ್ಚುತ್ತದೆ, ಮನಸ್ಸೂ ಕುಗ್ಗುತ್ತದೆ. ಅದನ್ನು ಬಿಟ್ಟು ಎಲ್ಲವನ್ನೂ ಗಡ್ಡೆಯ ತಲೆಗೆ ಕಟ್ಟುವುದು ತಪ್ಪು.

“ತುಂಬಾ ಹೋಗುತ್ತದೆ” ಎಂಬ ಮಾತು ಆಸ್ಪತ್ರೆಯ ಓಪಿಯಲ್ಲಿ ನಡೆಯುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಅಂಕೆ ಬರೆಯಬೇಕು: ಸ್ವಲ್ಪವೇ ಕಲೆಯಾದ ಪ್ಯಾಡಿಗೆ 1, ಅರ್ಧಂಬರ್ಧ ನೆನೆದದ್ದಕ್ಕೆ 5, ಪೂರ್ತಿ ತೊಯ್ದದ್ದಕ್ಕೆ 20. ಸಣ್ಣ ಹೆಪ್ಪುಗಟ್ಟಿದ ತುಂಡಿಗೆ 1, ದೊಡ್ಡದಕ್ಕೆ 5. ಒಂದು ಮುಟ್ಟಿನ ಮೊತ್ತ 100 ದಾಟಿದರೆ ಅತಿಸ್ರಾವ. ಬಟ್ಟೆ ಬಳಸುವವರಿಗೆ ಈ ಲೆಕ್ಕ ಕೂಡಿಬರುವುದಿಲ್ಲ, ಅವರು ಬದಲಿಸಿದ ಹೊತ್ತನ್ನು ಬರೆಯಲಿ. ಡಾಕ್ಟರು ಮಲಯಾಳದವರಾದರೂ ಅಂಕೆಗೆ ದುಭಾಷಿ ಬೇಡ. ದುಭಾಷಿ ಎಂದು ಮಗನನ್ನು ಕರೆದುಕೊಂಡು ಹೋಗುವ ಪದ್ಧತಿ ಮಾತ್ರ ಒಳ್ಳೆಯದಲ್ಲ. ಗಂಡನ ಜೊತೆ ಸೇರುವಾಗಿನ ನೋವಾಗಲಿ, ಸಾಯಬೇಕೆನಿಸುತ್ತದೆ ಎಂಬುದಾಗಲಿ ಮಗನ ಬಾಯಲ್ಲಿ ಬರುವ ಮಾತೇ? ಆಶಾ ಕಾರ್ಯಕರ್ತೆ ಜೊತೆಗಿರಲಿ.

ಮನಸ್ಸಿನ ಅಳತೆಗೆ ಖಿನ್ನತೆಯ ಪ್ರಶ್ನಾವಳಿ ಪಿಎಚ್‌ಕ್ಯೂ‑9 ಇದೆ. ಕಳೆದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ರಿಂದ 3. ಮೊತ್ತ 10 ಅಥವಾ ಹೆಚ್ಚಾದರೆ ಡಾಕ್ಟರಿಗೆ ತೋರಿಸಬೇಕು. ಇದನ್ನೂ ರಕ್ತಪರೀಕ್ಷೆಯ ವಾರದಲ್ಲೇ ಮಾಡಿ, ಕಬ್ಬಿಣದ ಮಾತ್ರೆ ಶುರುವಾಗಿ ನಾಲ್ಕು ವಾರಕ್ಕೆ ಎರಡನ್ನೂ ಮತ್ತೆ ನೋಡಬೇಕು. ರಕ್ತಹೀನತೆ ಇದ್ದವರಲ್ಲಿ ಅಷ್ಟರೊಳಗೆ ಹಿಮೋಗ್ಲೋಬಿನ್ ಒಂದೆರಡು ಗ್ರಾಂ ಏರಬೇಕು. ರಕ್ತ ಏರಿ ಮನಸ್ಸು ಅಲ್ಲೇ ನಿಂತಿದ್ದರೆ ಖಿನ್ನತೆಗೇ ನೇರ ಚಿಕಿತ್ಸೆ ಬೇಕು, “ಗಡ್ಡೆ ತೆಗೆದರೆ ಸರಿಹೋದೀತು” ಎಂದು ದಿನ ತಳ್ಳಬಾರದು. ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದ್ದು. ಅಲ್ಲಿ 1 ಬಂದರೂ ನಾಲ್ಕು ವಾರ ಕಾಯುವ ಮಾತಿಲ್ಲ, ಅವತ್ತೇ ತೋರಿಸಬೇಕು.

ಕಬ್ಬಿಣದ ಮಾತ್ರೆ ಮೈಗೆ ಹತ್ತದಿರಲು ಒಂದು ಕಾರಣ ಚಾ. ಚಾ, ಕಾಪಿಗೂ ಮಾತ್ರೆಗೂ ಎರಡು ಗಂಟೆ ಅಂತರ ಬೇಕು. ಹೊಟ್ಟೆ ಉರಿದರೆ ನಿಲ್ಲಿಸದೆ ದಿನ ಬಿಟ್ಟು ದಿನ ತಿನ್ನಬಹುದೇ ಎಂದು ಕೇಳಿ. ಹಾಗೆ ತಿಂದರೂ ದೇಹ ಚೆನ್ನಾಗಿಯೇ ಹೀರುತ್ತದೆ. ಮಲ ಕಪ್ಪಾಗುವುದು ಸಹಜ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಬೇಕು.

ಇನ್ನು ಪೂಜೆಗೆ, ಕೋಲಕ್ಕೆ ಮುಟ್ಟು ಮುಂದೂಡುವ ಮಾತ್ರೆ, ಅಂದರೆ ನೊರೆಥಿಸ್ಟೆರೋನ್. ನಮ್ಮ ಕಡೆ ಮೆಡಿಕಲ್‌ನಿಂದ ಹಾಗೇ ತಂದು ನುಂಗುವವರಿದ್ದಾರೆ. ನಿಲ್ಲಿಸಿದ ಎರಡು ಮೂರು ದಿನಕ್ಕೆ ಸ್ರಾವ ಶುರುವಾಗುತ್ತದೆ, ಗಡ್ಡೆ ಇದ್ದವರಿಗೆ ಅದು ಜೋರಾಗಿಯೇ ಇರಬಹುದು. ಕೆಲವರಿಗೆ ಮನಸ್ಸೂ ಮಂಕಾಗುತ್ತದೆ. ಆಪರೇಶನ್ನಿಗೆ ಮೊದಲು ಗಡ್ಡೆ ಕುಗ್ಗಿಸುವ ಲ್ಯೂಪ್ರೋಲೈಡ್ ಇಂಜೆಕ್ಷನ್ ಮುಟ್ಟು ನಿಂತವರ ಸ್ಥಿತಿಯನ್ನೇ ತರುವುದರಿಂದ ಮೈಗೆ ಬಿಸಿ ಹಬೆ ಬಡಿದಂತಾಗುವುದು, ನಿದ್ದೆಗೇಡು, ಅಳು ಬರಬಹುದು. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲ ಹಾರ್ಮೋನಲ್ಲ. ಮನಸ್ಸಿನ ತಕರಾರು ಇದ್ದವರು ಅದರ ಬಗ್ಗೆ ಕೇಳಬಹುದು, ಆದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸ ಇರುವವರಿಗೆ ಅದು ಆಗದು. ಸೆರ್ಟ್ರಾಲಿನ್‌ನಂಥ ಖಿನ್ನತೆಯ ಮಾತ್ರೆಗಳು ರಕ್ತಸ್ರಾವವನ್ನು ತುಸು ಹೆಚ್ಚಿಸಬಲ್ಲವು. ಹಾಗೆಂದು ತಾವಾಗಿ ಬಿಡಬಾರದು, ಗಡ್ಡೆಯ ಡಾಕ್ಟರಿಗೂ ಮನಸ್ಸಿನ ಡಾಕ್ಟರಿಗೂ ಎರಡೂ ಚೀಟಿ ತೋರಿಸಬೇಕು.

ಸ್ಕ್ಯಾನ್ ವರದಿಯಲ್ಲಿ ‘ಟ್ಯೂಮರ್’ ಎಂದು ಕಂಡರೆ ಕ್ಯಾನ್ಸರ್ ಎಂದೇ ನಡುಗುತ್ತಾರೆ. ಫೈಬ್ರಾಯ್ಡ್ ಸ್ನಾಯುವಿನ ಗಡ್ಡೆ, ಕ್ಯಾನ್ಸರ್ ಸಿಗುವುದು ಬಹಳ ಅಪರೂಪ; ಮುಟ್ಟು ನಿಂತ ಮೇಲೆ ಬೆಳೆದರೆ ಮಾತ್ರ ತಡಮಾಡದೆ ತೋರಿಸಬೇಕು. ಗಾತ್ರಕ್ಕಿಂತ ಜಾಗ ಮುಖ್ಯ. ಗಡ್ಡೆಯ ಜಾಗ ಹೇಳುವ ಫಿಗೋ ಸಂಖ್ಯೆ 0, 1, 2 ಇದ್ದರೆ ಗಡ್ಡೆ ಒಳಪದರದ ಕಡೆ ಚಾಚಿದೆ, ಒಂದೂವರೆ ಸೆಂಟಿಮೀಟರಿನದ್ದೂ ರಕ್ತ ಹರಿಸೀತು. ಹೊರಮೈಯ ಆರು ಸೆಂಟಿಮೀಟರಿನದ್ದು ಸುಮ್ಮನಿರಬಹುದು.

ಗರ್ಭಕೋಶ ತೆಗೆಸಲು ಮಂಗಳೂರಿಗೆ ಬಸ್ಸು ಹತ್ತುವ ಮೊದಲು ಕೇಳಬೇಕಾದ್ದು: ಗಡ್ಡೆ ಮಾತ್ರ ತೆಗೆಯಬಹುದೇ, ಅಂಡಾಶಯ ಉಳಿಯುತ್ತದೆಯೇ, ಉಳಿಯದಿದ್ದರೆ ಹಾರ್ಮೋನ್ ಚಿಕಿತ್ಸೆ ಕೊಡುತ್ತೀರಾ. ಅತಿಸ್ರಾವದಿಂದ ಸೋತವರಲ್ಲಿ ಹೆಚ್ಚಿನವರ ಮನಸ್ಸು ಆಪರೇಶನ್ ಆದ ಮೇಲೆ ಹಗುರಾಗುತ್ತದೆ. ಮೊದಲೇ ಖಿನ್ನತೆ ಇದ್ದವರ, ಇನ್ನೂ ಮಕ್ಕಳು ಬೇಕೆಂದಿದ್ದವರ, ಅತ್ತೆ ಗಂಡ ನಿರ್ಧರಿಸಿ ಸಹಿ ಹಾಕಿಸಿದವರ ಕಥೆ ಬೇರೆ. ಅವರಿಗೆ ಆಪರೇಶನ್ನಿಗೆ ಮೊದಲೇ ಆಪ್ತಸಲಹೆ ಸಿಗಬೇಕು.

ಅಯಲ್‌ಕೂಟದ ಬೋರ್ಡಿಗೆ ಎರಡು ನಂಬರು: ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ, ಉಚಿತ, ಕನ್ನಡವೂ ಇದೆ. ಕೇರಳದ ಆರೋಗ್ಯ ಸಹಾಯವಾಣಿ ದಿಶಾ 1056.