ಟೋಕನ್ ಕೋಷ್ಟಕಕ್ಕೆ ಕನ್ನಡ ವಿವರಣೆ

ಕಲಬುರಗಿ, 12 ಮೇ 2024, ಭಾನುವಾರ

ಬಿಸಿಲು ಏರುವ ಮೊದಲೇ ಕುಳಿತು, ಜಾಲತಾಣ ಕಟ್ಟಲು ಬಳಸುವ ಗಣಕಭಾಷೆಯಾದ ಪಿಎಚ್‌ಪಿಯ ಪಾರ್ಸರ್ ಟೋಕನ್‌ಗಳಿಗೆ ಕನ್ನಡದಲ್ಲಿ ವಿವರಣೆ ಬರೆಯುವ ಕೆಲಸವನ್ನು ಮುಂದುವರಿಸಿದೆ. ನಾವು ಬರೆದ ಕೋಡನ್ನು ಪಿಎಚ್‌ಪಿ ಮೊದಲು ತುಣುಕು ತುಣುಕಾಗಿ ಬಿಡಿಸಿ, ಪ್ರತಿ ತುಣುಕು ಯಾವ ಬಗೆಯದೆಂದು ಗುರುತು ಹಚ್ಚುತ್ತದೆ. ಆ ಗುರುತೇ ಟೋಕನ್. ವಾಕ್ಯ ಸರಿಯಿದೆಯೇ ಎಂದು ಪಾರ್ಸರ್ ಎಂಬ ಭಾಗ ನೋಡುವುದು ಆ ಗುರುತುಗಳ ಸಾಲನ್ನೇ.

ಈ ಕೆಲಸಕ್ಕೆ ಕೈಹಾಕಲು ಕಾರಣ ನಮ್ಮ ಓಣಿಯ ಬಿಸಿಎ ವಿದ್ಯಾರ್ಥಿನಿ. ಅವಳ ಕಾಲೇಜಿನ ಗಣಕದಲ್ಲಿ ಇನ್ನೂ ಪಿಎಚ್‌ಪಿಯ 7.4ನೆಯ ಆವೃತ್ತಿಯಿದೆ. ಒಂದು ಸಾಲಿನ ಕೊನೆಗೆ ಅರ್ಧವಿರಾಮ (;) ಬಿಟ್ಟುಹೋಗಿ, ಮುಂದಿನ ಸಾಲು ಫಂಕ್ಷನ್ ಹೆಸರಿನಿಂದ ಆರಂಭವಾದ್ದರಿಂದ, ಅನಿರೀಕ್ಷಿತ ಟಿ_ಸ್ಟ್ರಿಂಗ್ ಎಂಬ ದೋಷ ತೋರಿಸಿತ್ತು. "ಅಕ್ಕಾ, ನಾ ಎಲ್ಲೂ ಸ್ಟ್ರಿಂಗೇ ಬರದಿಲ್ಲ, ಇದು ಎಲ್ಲಿಂದ ಬಂತ್ರೀ?" ಎಂದು ಕೇಳಿದಳು. ಅವಳ ಪ್ರಶ್ನೆ ನ್ಯಾಯವಾದದ್ದು. ಸ್ಟ್ರಿಂಗ್ ಎಂದರೆ ಉದ್ಧರಣ ಚಿಹ್ನೆಯೊಳಗಿನ ಪಠ್ಯ. ಆದರೆ ಟಿ_ಸ್ಟ್ರಿಂಗ್ ಅದಲ್ಲ, ಫಂಕ್ಷನ್, ಕ್ಲಾಸ್, ಸ್ಥಿರಾಂಕ (ಬದಲಾಗದ ಮೌಲ್ಯ) ಮುಂತಾದವುಗಳ ಹೆಸರು. ಉದ್ಧರಣ ಚಿಹ್ನೆಯೊಳಗಿನ ಸರಳ ಪಠ್ಯಕ್ಕೆ ಟಿ_ಕಾನ್ಸ್ಟಂಟ್_ಎನ್‌ಕ್ಯಾಪ್ಸ್ಡ್_ಸ್ಟ್ರಿಂಗ್ ಎಂಬ ಬೇರೆಯೇ ಟೋಕನ್ ಇದೆ. ಹೆಸರೇ ದಾರಿ ತಪ್ಪಿಸುವಾಗ ಹೆಸರನ್ನಷ್ಟೇ ಅನುವಾದಿಸಿದರೆ ಕಲಿಯುವವರಿಗೆ ದಕ್ಕುವುದೇನು? ಆದ್ದರಿಂದ ಪ್ರತಿ ಟೋಕನ್ನಿನ ಎದುರು ಅದು ಹುಟ್ಟುವ ಒಂದು ಸಾಲು ಕೋಡನ್ನೂ, ಅದು ದೋಷವಾಗಿ ಕಾಣಿಸಿಕೊಳ್ಳುವ ಒಂದು ಸಂದರ್ಭವನ್ನೂ ಕೊಡಲೇಬೇಕೆಂದು ನಿಶ್ಚಯಿಸಿದ್ದೇನೆ.

ಎರಡು ಜೋಡಿ ಚುಕ್ಕಿಗಳ :: ಚಿಹ್ನೆಗೆ ಟಿ_ಪಾಮಯಿಮ್_ನೆಕುದೋತಯಿಮ್ ಎಂಬ ಹೀಬ್ರೂ ಹೆಸರಿದೆ. ಭಾಷೆಯ ಎಂಜಿನ್ನನ್ನು, ಅಂದರೆ ಕೋಡನ್ನು ಓದಿ ಓಡಿಸುವ ಭಾಗವನ್ನು, ಹೊಸದಾಗಿ ಬರೆದ ಜೀವ್ ಸುರಾಸ್ಕಿ ಮತ್ತು ಆಂಡಿ ಗುಟ್ಮನ್ಸ್ ಇಸ್ರೇಲಿನವರು. ತಮ್ಮ ನುಡಿಯ ಮಾತನ್ನು ಅವರು ಅಲ್ಲಿ ಉಳಿಸಿದ್ದು ನನಗೆ ಬಹಳ ಇಷ್ಟ. ಪಿಎಚ್‌ಪಿ 8.0ರಿಂದ ದೋಷದ ಸಂದೇಶಗಳಲ್ಲಿ ಇಂಥ ಒಳಹೆಸರುಗಳ ಬದಲು ಓದಿದರೆ ತಿಳಿಯುವ ಮಾತುಗಳಿವೆ.

ಮೊದಲ ಕರಡಿನಲ್ಲಿ ಪ್ರತಿ ಟೋಕನ್ನಿನ ಸಂಖ್ಯೆಯನ್ನೂ ಬರೆದಿದ್ದೆ. ಆ ಸಂಖ್ಯೆಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುವುದರಿಂದ ಇಂದು ಎಲ್ಲವನ್ನೂ ತೆಗೆದುಹಾಕಿದೆ.

ಮಧ್ಯಾಹ್ನವೆಲ್ಲ ಕನ್ನಡ ಅಕ್ಷರಗಳ ಪರೀಕ್ಷೆಯಲ್ಲೇ ಕಳೆಯಿತು. ಹೆಸರುಗಳಲ್ಲಿ 128ರಿಂದ 255ರವರೆಗಿನ ಯಾವ ಬೈಟನ್ನಾದರೂ (ಗಣಕ ಪಠ್ಯವನ್ನು ಕಾಪಿಡುವ ಸಂಖ್ಯೆ) ಪಿಎಚ್‌ಪಿ ಒಪ್ಪುತ್ತದೆ. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಅಕ್ಷರ, ಒತ್ತು, ಗುಣಿತದ ಚಿಹ್ನೆಗಳೆಲ್ಲ ಇಂಥ ಮೂರು ಮೂರು ಬೈಟುಗಳಿಂದಲೇ ಆದವು. ಹೀಗಾಗಿ $ತೊಗರಿ ಎಂದು ಬರೆದು ತುಣುಕು ಮಾಡಿಸಿದಾಗ ಇಡಿಯಾಗಿ ಒಂದೇ ಟಿ_ವೇರಿಯಬಲ್ (ವೇರಿಯಬಲ್ ಹೆಸರಿನ ಟೋಕನ್) ಆಗಿ ಬಂದಿತು. ಆ ಸಂತೋಷದಲ್ಲಿಯೇ $ತೊಗರಿ = ೫; ಎಂದು ಬರೆದೆ. ಅಂಕೆಗೆ ಪೂರ್ಣಾಂಕದ ಟೋಕನ್ನಾದ ಟಿ_ಎಲ್‌ನಂಬರ್ ಬರಬೇಕಿದ್ದಲ್ಲಿ ಟಿ_ಸ್ಟ್ರಿಂಗ್ ಬಂದಿತು! ಕನ್ನಡದ ಅಂಕೆಯ ಬೈಟುಗಳೂ ಅದೇ ವ್ಯಾಪ್ತಿಯಲ್ಲಿರುವುದರಿಂದ ಪಿಎಚ್‌ಪಿ ಅದನ್ನು ಹೆಸರೆಂದೇ ತಿಳಿಯುತ್ತದೆ, 8ನೆಯ ಆವೃತ್ತಿಯಲ್ಲಿ ಓಡಿಸಿದರೆ ೫ ಎಂಬ ಸ್ಥಿರಾಂಕವೇ ಇಲ್ಲವೆಂದು ನಿಂತುಬಿಡುತ್ತದೆ. ಇದು ಕನ್ನಡದಲ್ಲಿ ಕೋಡ್ ಬರೆಯುವವರಿಗೆ ಎದುರಾಗುವ ತೊಡಕು. ಟಿ_ಎಲ್‌ನಂಬರ್ ಸಾಲಿನ ವಿವರಣೆಯಲ್ಲಿ 5 ಮತ್ತು ೫ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು, ಎರಡರ ಟೋಕನ್‌ಗಳನ್ನೂ ತೋರಿಸಿದ್ದೇನೆ.